ಅನ್ನನಾಳ, ಜಠರದ ಕ್ಯಾನ್ಸರ್: ಮಲೆನಾಡಿನಿಂದ ಔಷಧ ಪ್ರಯೋಗಕ್ಕೆ ಸೇರುವ ಮುನ್ನ

ಅನ್ನನಾಳದ ಅಥವಾ ಜಠರದ ಕ್ಯಾನ್ಸರ್ ಬೇರೆ ಅಂಗಗಳಿಗೂ ಹಬ್ಬಿದೆ, ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿಲ್ಲ ಎಂದು ವೈದ್ಯರು ಹೇಳಿದ ಮೇಲೆ, ಹಲವು ಔಷಧಗಳನ್ನು ಜೊತೆಗೂಡಿಸಿ ಕೊಡುವ ಕ್ಲಿನಿಕಲ್ ಟ್ರಯಲ್‌ಗೆ ಸೇರಬಹುದೇ ಎಂಬ ಪ್ರಶ್ನೆ ಅನೇಕ ಮನೆಗಳಲ್ಲಿ ಏಳುತ್ತದೆ. ನಮ್ಮ ಭಾವನವರಿಗೆ ಜಠರದ ಕ್ಯಾನ್ಸರ್ ಆದಾಗ ತೀರ್ಥಹಳ್ಳಿಯಿಂದ ಬೆಂಗಳೂರಿಗೆ ಓಡಾಡಿ ತಿಳಿದುಕೊಂಡದ್ದನ್ನು, ಅದೇ ದಾರಿಯಲ್ಲಿ ಹೊರಟವರಿಗಾಗಿ ಇಲ್ಲಿ ಬರೆದಿದ್ದೇನೆ. ಯಾರಿಗೆ ಯಾವ ಔಷಧ ಎಂಬುದನ್ನು ಕ್ಯಾನ್ಸರ್ ತಜ್ಞರೇ ನಿರ್ಧರಿಸಬೇಕು. ಆದರೆ ಆ ನಿರ್ಧಾರ ತಡವಾಗದಂತೆ ನೋಡಿಕೊಳ್ಳುವ ಕೆಲಸದಲ್ಲಿ ಬಹುಪಾಲು ಮನೆಯವರದೇ.

ಎಲ್ಲಕ್ಕಿಂತ ಮೊದಲು ಬಯಾಪ್ಸಿಯ ಬ್ಲಾಕ್ ಪಡೆದುಕೊಳ್ಳಿ. ಎಂಡೋಸ್ಕೋಪಿಯಲ್ಲಿ ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿ, ಅಂಚಿನಲ್ಲಿ ಸಂಖ್ಯೆ ಬರೆದ ಪುಟ್ಟ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಪ್ರಯೋಗಾಲಯದವರು ಇಟ್ಟಿರುತ್ತಾರೆ. ನಾವು ವರದಿಯ ಹಾಳೆಯೊಂದನ್ನೇ ಹಿಡಿದುಕೊಂಡು ಬೆಂಗಳೂರಿಗೆ ಹೋದೆವು. ಬ್ಲಾಕ್ ಇಲ್ಲದೆ ಮುಂದಿನ ಪರೀಕ್ಷೆ ಆಗದೆಂದು ಅಲ್ಲಿನ ವೈದ್ಯರು ಹೇಳಿ, ನಾವು ಊರಿಗೆ ಮರಳಿ, ಅದನ್ನು ಕೇಳಿ ಪಡೆಯುವಷ್ಟರಲ್ಲಿ ಮೂರು ವಾರ ಕಳೆದವು. ಅಷ್ಟರಲ್ಲಿ ಭಾವನವರ ತೂಕ ನಾಲ್ಕು ಕಿಲೋ ಇಳಿದಿತ್ತು. ಆದ್ದರಿಂದ ಬ್ಲಾಕ್, ಸ್ಲೈಡ್‌ಗಳು, ಸಿ.ಟಿ. ಸ್ಕ್ಯಾನಿನ ಸಿ.ಡಿ., ಡಿಸ್ಚಾರ್ಜ್ ಸಮ್ಮರಿ, ಈವರೆಗೆ ಕೊಟ್ಟ ಕೀಮೋದ ವಿವರ, ಇವೆಲ್ಲವನ್ನೂ ಒಂದೇ ಚೀಲದಲ್ಲಿ ಇಟ್ಟುಕೊಂಡೇ ಹೊರಡಿ.

ಬ್ಲಾಕಿಗೆ ಇಷ್ಟು ಮಹತ್ವ ಏಕೆಂದರೆ, ಈಗಿನ ಸಂಯುಕ್ತ ಚಿಕಿತ್ಸೆಗಳು ಗಡ್ಡೆಯ ಗುಣವನ್ನು ನೋಡಿ ಆರಿಸುವಂಥವು. ಹರ್-2 ಎಂಬ ಪ್ರೋಟೀನ್ ಹೆಚ್ಚಾಗಿರುವ ಜಠರದ ಕ್ಯಾನ್ಸರಿಗೆ ಕೀಮೋ ಜೊತೆ ಟ್ರಾಸ್ಟುಜುಮಾಬ್ ಎಂಬ ಔಷಧವನ್ನು ಸೇರಿಸಿದ 'ಟೋಗಾ' ಪ್ರಯೋಗದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು; ಕೀಮೋ ಮಾತ್ರ ಪಡೆದವರ ಮಧ್ಯಮ ಬದುಕುಳಿಕೆ 11.1 ತಿಂಗಳಾದರೆ, ಎರಡನ್ನೂ ಪಡೆದವರದು 13.8 ತಿಂಗಳಾಗಿತ್ತು. 2021ರಲ್ಲಿ ಪ್ರಕಟವಾದ 'ಚೆಕ್‌ಮೇಟ್ 649' ಪ್ರಯೋಗದಲ್ಲಿ, ಗಡ್ಡೆಯಲ್ಲಿ ಪಿ.ಡಿ.-ಎಲ್1 ಎಂಬ ಪ್ರೋಟೀನ್ ಎಷ್ಟಿದೆಯೆಂದು ತೋರಿಸುವ ಅಂಕ 5 ಅಥವಾ ಹೆಚ್ಚು ಇದ್ದವರಲ್ಲಿ, ಕೀಮೋ ಮಾತ್ರ ಪಡೆದವರ ಮಧ್ಯಮ ಬದುಕುಳಿಕೆ 11.1 ತಿಂಗಳಾದರೆ, ಜೊತೆಗೆ ನಿವೊಲುಮಾಬ್ ಎಂಬ ಔಷಧ ಪಡೆದವರದು 14.4 ತಿಂಗಳಾಗಿತ್ತು. ಕ್ಲಾಡಿನ್ 18.2 ಎಂಬ ಪ್ರೋಟೀನ್ ಇರುವ ಗಡ್ಡೆಗಳಿಗೆ ಕೀಮೋ ಜೊತೆ ಜೊಲ್ಬೆಟುಕ್ಸಿಮಾಬ್ ಎಂಬ ಔಷಧವನ್ನು ಸೇರಿಸಿದ ಪ್ರಯೋಗಗಳು 2023ರಲ್ಲಿ ಬಂದವು. ಮಧ್ಯಮ ಎಂದರೆ ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಕಾಲ, ಉಳಿದರ್ಧ ಅದಕ್ಕಿಂತ ಕಡಿಮೆ ಕಾಲ ಬದುಕಿದರೆಂದು ಅರ್ಥವೇ ಹೊರತು, ನಿಮ್ಮವರಿಗೆ ಹಾಕಿದ ಗಡುವಲ್ಲ. ಈ ಔಷಧಗಳು ರೋಗವನ್ನು ಬುಡಸಮೇತ ಕೀಳುತ್ತವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಆ ಎರಡು ಮೂರು ತಿಂಗಳುಗಳನ್ನು ಅಲ್ಪವೆಂದು ತಳ್ಳಿಹಾಕುವವರ ಮಾತನ್ನೂ ನಾನು ಒಪ್ಪಲಾರೆ.

ನಡೆಯುತ್ತಿರುವ ಪ್ರಯೋಗಗಳನ್ನು ಹುಡುಕಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಿ.ಟಿ.ಆರ್.ಐ. ನೋಂದಣಿ ತಾಣವಿದೆ, 2009ರ ಜೂನ್‌ನಿಂದ ದೇಶದಲ್ಲಿ ಔಷಧ ಪ್ರಯೋಗಗಳನ್ನು ಅಲ್ಲಿ ದಾಖಲಿಸುವುದು ಕಡ್ಡಾಯವಾಗಿದೆ. ಯಾವ ಆಸ್ಪತ್ರೆಯಲ್ಲಿ, ಎಂಥ ರೋಗಿಗಳಿಗೆ, ಈಗಲೂ ಸೇರಿಸಿಕೊಳ್ಳುತ್ತಿದ್ದಾರೆಯೇ ಎಂಬುದೆಲ್ಲ ಅದರಲ್ಲಿ ಇರುತ್ತದೆ. ವಿವರಗಳು ಇಂಗ್ಲಿಷಿನಲ್ಲಿರುವುದರಿಂದ ಓದಿ ಹೇಳಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಪ್ರಯೋಗದ ವೈದ್ಯರನ್ನು ಕಂಡಾಗ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿ: ಇದಕ್ಕೆ ಸೇರದಿದ್ದರೆ ನಮಗೆ ಸಿಗುವ ಚಿಕಿತ್ಸೆ ಯಾವುದು, ಮತ್ತು ಅದು ಶಿವಮೊಗ್ಗದಲ್ಲಿಯೇ ಸಿಗುತ್ತದೆಯೇ? ಹೊಸ ಔಷಧವನ್ನು ರೂಢಿಯ ಚಿಕಿತ್ಸೆಯೊಂದಿಗೆ ಹೋಲಿಸಿ ನೋಡುವ ಮೂರನೆಯ ಹಂತದ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಚೀಟಿ ಎತ್ತಿದ ಹಾಗೆ ಗುಂಪುಗಳನ್ನು ವಿಂಗಡಿಸುತ್ತಾರೆ. ಒಂದು ಗುಂಪಿಗೆ ರೂಢಿಯ ಕೀಮೋ, ಇನ್ನೊಂದಕ್ಕೆ ಅದರ ಜೊತೆ ಹೊಸ ಔಷಧ. ಪೊಳ್ಳು ಔಷಧ, ಅಂದರೆ ಔಷಧದಂತೆ ಕಂಡರೂ ಒಳಗೆ ಔಷಧವಿಲ್ಲದ್ದು, ಬಳಸುವ ಕಡೆಯೂ ಅದನ್ನು ಸಾಮಾನ್ಯವಾಗಿ ರೂಢಿಯ ಕೀಮೋ ಜೊತೆಗೇ ಕೊಡುತ್ತಾರೆ. ಹಾಗೆಯೇ ಇದೆಯೇ ಎಂಬುದನ್ನು ಬಾಯಿಬಿಟ್ಟು ಕೇಳಿ ಖಚಿತಪಡಿಸಿಕೊಳ್ಳಿ.

ರೋಗಿಯ ಶಕ್ತಿಯೂ ಲೆಕ್ಕಕ್ಕೆ ಬರುತ್ತದೆ. ತೋಟಕ್ಕೆ ಒಂದು ಸುತ್ತು ಹೋಗಿಬರಬಲ್ಲವರನ್ನು ಸೇರಿಸಿಕೊಂಡಾರು, ಹಗಲಿನ ಹೆಚ್ಚು ಹೊತ್ತು ಮಲಗಿಯೇ ಇರುವವರನ್ನು ಬಹುತೇಕ ಪ್ರಯೋಗಗಳು ಸೇರಿಸಿಕೊಳ್ಳುವುದಿಲ್ಲ. ಗಂಜಿಯೂ ಗಂಟಲಿನಿಂದ ಇಳಿಯದಿದ್ದರೆ ಅನ್ನನಾಳವನ್ನು ತೆರೆದಿಡುವ ಸ್ಟೆಂಟ್ ಅಥವಾ ಆಹಾರದ ನಳಿಕೆಯ ವಿಷಯವನ್ನು ಕೂಡಲೇ ಎತ್ತಿ. ನಮ್ಮ ಸೀಮೆಯಲ್ಲಿ ನಾಟಿ ಔಷಧ ತೆಗೆದುಕೊಳ್ಳದ ಮನೆ ಅಪರೂಪ; ಬೈದಾರೆಂಬ ಅಂಜಿಕೆಯಿಂದ ಅದನ್ನು ಮುಚ್ಚಿಡಬೇಡಿ, ಏಕೆಂದರೆ ಯಕೃತ್ತಿನ ಪರೀಕ್ಷೆಯಲ್ಲಿ ಏರುಪೇರಾದರೆ ಕಾರಣ ಯಾವುದೆಂದು ವೈದ್ಯರಿಗೆ ತಿಳಿಯಲೇಬೇಕು.

ಒಪ್ಪಿಗೆ ಪತ್ರವನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು, ಓದಲು ಬಾರದವರಿಗೆ ಪ್ರಯೋಗಕ್ಕೆ ಸಂಬಂಧಪಡದ ಸಾಕ್ಷಿಯ ಎದುರು ಓದಿ ಹೇಳಬೇಕು, ಸಹಿಯಾದ ಮೇಲೆ ಒಂದು ಪ್ರತಿಯನ್ನು ನಿಮಗೆ ಕೊಡಬೇಕು. ಅದರಲ್ಲಿ ನಾಮಿನಿಯ ಹೆಸರು, ವಾರ್ಷಿಕ ಆದಾಯ ಎಂಬ ಕಲಂಗಳಿರುತ್ತವೆ. ಅದನ್ನು ಕಂಡು ನಮ್ಮ ಅಕ್ಕ ಪೆನ್ನನ್ನು ಮೇಜಿನ ಮೇಲಿಟ್ಟು ಎದ್ದುಬಿಟ್ಟಳು. ಪ್ರಯೋಗದಿಂದ ಹಾನಿಯಾದರೆ ಪರಿಹಾರ ಕೊಡಲು ಔಷಧ ಪ್ರಯೋಗಗಳ ಕುರಿತ 2019ರ ನಿಯಮಗಳು ಆ ವಿವರವನ್ನು ಕೇಳುತ್ತವೆ. ಅಂಥ ಹಾನಿಗೆ ಉಚಿತ ಚಿಕಿತ್ಸೆಯೂ ಅದೇ ನಿಯಮಗಳಲ್ಲಿದೆ. ಯಾವಾಗ ಬೇಕಾದರೂ ಹೊರಬರುವ ಹಕ್ಕು ರೋಗಿಗಿದೆ, ಹಾಗೆ ಬಂದರೆ ಮಾಮೂಲಿನ ಚಿಕಿತ್ಸೆ ತಪ್ಪುವಂತಿಲ್ಲ. ಯಾವ ಪರೀಕ್ಷೆಯ ಖರ್ಚನ್ನು ಯಾರು ಭರಿಸುತ್ತಾರೆ, ಬಸ್ಸಿನ ಖರ್ಚು ಕೊಡುತ್ತಾರೆಯೇ ಎಂಬುದನ್ನು ಅಂದೇ ಕೇಳಿ ಬರೆದಿಟ್ಟುಕೊಳ್ಳಿ.

ಬಳಿಕ ಓಡಾಟದ ಲೆಕ್ಕ ಹಾಕಿ. ಫಾಲ್‌ಫಾಕ್ಸ್ ಎಂಬ ಕೀಮೋ 14 ದಿನಕ್ಕೊಮ್ಮೆ, ಅದರಲ್ಲಿ ಒಂದು ಔಷಧ ಪಂಪಿನ ಮೂಲಕ ಸುಮಾರು 46 ಗಂಟೆ ಹರಿಯುತ್ತದೆ. ಕೇಪಾಕ್ಸ್ 21 ದಿನಕ್ಕೊಮ್ಮೆ, ಜೊತೆಗೆ ಮನೆಯಲ್ಲಿ ನುಂಗುವ ಮಾತ್ರೆ. ಬೇಸಾಯದ ಮನೆಯವರಾದರೆ ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಜೊತೆಗೆ ಹೋಗುವವರು ಯಾರೆಂದು ಈಗಲೇ ಗೊತ್ತುಮಾಡಿ. ಎರಡರಲ್ಲೂ ಇರುವ ಆಕ್ಸಾಲಿಪ್ಲಾಟಿನ್ ಪಡೆದ ಕೆಲವು ದಿನ ತಣ್ಣನೆಯದನ್ನು ಮುಟ್ಟಿದರೆ ಬೆರಳುಗಳು ಸೂಜಿ ಚುಚ್ಚಿದಂತೆ ಜುಮುಗುಡುತ್ತವೆ. ಭಾವನವರು ಬೆಳಗಿನ ಜಾವ ಹಿತ್ತಲಲ್ಲಿದ್ದ ತಣ್ಣೀರಿನ ಕೊಳದಪ್ಪಲೆಗೆ ಕೈಹಾಕಿ ತಂಬಿಗೆಯನ್ನೇ ಕೈಬಿಟ್ಟಿದ್ದರು. ಬಿಸಿನೀರು, ಉಣ್ಣೆಯ ಕೈಗವಸು ಸಿದ್ಧವಿರಲಿ.

ಥರ್ಮಾಮೀಟರ್ ಒಂದು ಹಾಸಿಗೆಯ ಪಕ್ಕದಲ್ಲೇ ಇರಲಿ. ಕೀಮೋ ನಡೆಯುತ್ತಿರುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ ಬಿಳಿ ರಕ್ತಕಣಗಳು ಕುಸಿದಿರಬಹುದು. ಜ್ವರದ ಮಾತ್ರೆ ನುಂಗಿಸಿ ಬೆಳಗಾಗಲೆಂದು ಕಾಯದೆ ಅದೇ ರಾತ್ರಿ ಆಸ್ಪತ್ರೆ ಸೇರಿಸಬೇಕು. ಆಷಾಢದ ಮಳೆಯಲ್ಲಿ ಮರ ಬಿದ್ದು ರಸ್ತೆ ಕಟ್ಟುವ ಊರಿನವರು, ಬೇರೆ ಯಾವ ದಾರಿಯಲ್ಲಿ ಯಾರ ಜೀಪಿನಲ್ಲಿ ಹೋಗುವುದೆಂಬುದನ್ನು ಮೊದಲೇ ಮಾತಾಡಿಟ್ಟುಕೊಂಡು, ಪ್ರಯೋಗದ ಸಂಯೋಜಕರ ರಾತ್ರಿ ಸಂಖ್ಯೆಯನ್ನೂ ಪ್ರಯೋಗದಲ್ಲಿ ರೋಗಿಗಳ ಹಿತ ಕಾಯುವ ನೈತಿಕ ಸಮಿತಿಯ ಸಂಖ್ಯೆಯನ್ನೂ ದಪ್ಪ ಅಕ್ಷರದಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿರಿ.