ಪಿ-32 ಪೊಟ್ಟಣ ಬೆಂಗಳೂರು ಕಾರ್ಗೋದಿಂದ ವಾಪಸ್ ಬಂದದ್ದು: ಸರಿ ಮಾಡಿದ್ದು ಹೀಗೆ

ಒಳಗಿದ್ದದ್ದು 10 ಎಂಬಿಕ್ಯೂ (ಮೆಗಾಬೆಕೆರೆಲ್, ವಿಕಿರಣಶೀಲತೆಯ ಅಳತೆ) ದ್ರವ ಫಾಸ್ಫರಸ್-32, ಅಂದರೆ ಪಿ-32 ಎಂಬ ವಿಕಿರಣಶೀಲ ವಸ್ತು. ದ್ರವಕ್ಕೆ ಎಕ್ಸೆಪ್ಟೆಡ್ ಪ್ಯಾಕೇಜ್ (ಪ್ರಮಾಣ ಕಡಿಮೆ ಇರುವುದರಿಂದ ಕೆಲವು ಸಾಗಣೆ ನಿಯಮಗಳಿಂದ ವಿನಾಯಿತಿ ಪಡೆದ ಪೊಟ್ಟಣ) ಮಿತಿ ಎ2 ಮೌಲ್ಯದ (ಸಾಗಣೆ ನಿಯಮಗಳಲ್ಲಿ ಆಯಾ ವಿಕಿರಣಶೀಲ ವಸ್ತುವಿಗೆ ಕೊಟ್ಟಿರುವ ಪ್ರಮಾಣ) ಹತ್ತು ಸಾವಿರದಲ್ಲಿ ಒಂದು ಪಾಲು, ಅಂದರೆ 50 ಎಂಬಿಕ್ಯೂ. ಪ್ರಮಾಣ ಸರಿಯಿತ್ತು. ತಪ್ಪು ಡಬ್ಬಿಯದು: ಮರುಬಳಕೆಯ ಡಬ್ಬಿಯ ಮೇಲೆ ಹಳೆಯ ಬಿಳಿ-1 (ವಿಕಿರಣಶೀಲ ಸರಕಿನ ಬೇರೆ ವರ್ಗದ ಗುರುತು) ವಜ್ರಾಕಾರದ ಲೇಬಲ್ ಅರ್ಧ ಕಿತ್ತು ಉಳಿದಿತ್ತು. ಎಕ್ಸೆಪ್ಟೆಡ್ ಪ್ಯಾಕೇಜ್‌ಗೆ ಆ ಲೇಬಲ್ ಇರಲೇಬಾರದು; ಕಂಡರೆ ಕೌಂಟರಿನವರು ಬೇರೆ ದಾಖಲೆ ಕೇಳುತ್ತಾರೆ. ಕೇಳುವುದು ಸರಿಯೇ.

ಹೊಸ ಡಬ್ಬಿ ತಗೊಂಡೆವು. ಸೀಸೆಗೆ ಮೊದಲು 1 ಸೆಂ.ಮೀ. ಅಕ್ರಿಲಿಕ್, ಆಮೇಲೆ ಬೇಕಿದ್ದರೆ ಸೀಸ (ಲೆಡ್). ನೇರವಾಗಿ ಸೀಸ ಸುತ್ತಿದರೆ ಬೀಟಾ ಕಣಗಳು ಎಕ್ಸ್‌ರೇ ಹೊಮ್ಮಿಸಿ ಮೀಟರ್ ಏರುತ್ತದೆ. ಆರೂ ಮುಖಕ್ಕೆ ಸರ್ವೆ ಮೀಟರ್ ತಾಗಿಸಿ ನೋಡಿ: ಗಂಟೆಗೆ 5 ಮೈಕ್ರೋಸೀವರ್ಟ್ ದಾಟಬಾರದು. ಒರೆಸು ಪರೀಕ್ಷೆಯಲ್ಲಿ (ಡಬ್ಬಿಯ ಹೊರಮೈ ಒರೆಸಿ, ಅಂಟಿದ ವಿಕಿರಣಶೀಲ ವಸ್ತು ಅಳೆಯುವುದು) ಬೀಟಾಕ್ಕೆ ಚದರ ಸೆಂ.ಮೀ.ಗೆ 4 ಬೆಕೆರೆಲ್ ಮಿತಿ.

ಬಹಳ ಜನ ಮರೆಯುವುದು ಒಳಗಿನ ಗುರುತು: ಮುಚ್ಚಳ ತೆರೆದ ತಕ್ಷಣ ‘ರೇಡಿಯೋಆಕ್ಟಿವ್’ ಎಂಬ ಪದ ಕಾಣಬೇಕು. ಹೊರಗೆ ಕೆಂಪು ಗೆರೆ ಅಂಚಿನ ಎಕ್ಸೆಪ್ಟೆಡ್ ಪ್ಯಾಕೇಜ್ ಲೇಬಲ್, ಯುಎನ್ 2910 (ಈ ಬಗೆಯ ಸರಕಿನ ಅಂತರರಾಷ್ಟ್ರೀಯ ಸಂಖ್ಯೆ), ಕಳಿಸುವವರ ಹಾಗೂ ಪಡೆಯುವವರ ವಿಳಾಸ. ಲೇಬಲ್ ಅನ್ನು ಡಬ್ಬಿಯ ಮೂಲೆಗೆ ಮಡಚಿ ಅಂಟಿಸಬೇಡಿ.

ಶಿಪ್ಪರ್ಸ್ ಡಿಕ್ಲರೇಷನ್ (ಅಪಾಯಕಾರಿ ಸರಕಿಗೆ ಕಳಿಸುವವರು ಕೊಡುವ ಘೋಷಣಾ ಪತ್ರ) ಬೇಡ. ಆದರೆ ಏರ್ ವೇ ಬಿಲ್‌ನಲ್ಲಿ (ವಿಮಾನ ಸರಕಿನ ಸಾಗಣೆ ಪತ್ರ) ಯುಎನ್ ಸಂಖ್ಯೆ, ಸರಕಿನ ಅಧಿಕೃತ ಹೆಸರು, ಪೊಟ್ಟಣಗಳ ಸಂಖ್ಯೆ ಬರೆಯಲೇಬೇಕು. ಪಿ-32ರ ಅರ್ಧಾಯುಷ್ಯ 14.3 ದಿನ, ಪ್ರತಿ ವಾಪಸಾತಿಯಲ್ಲೂ ಮಾಲು ಕರಗುತ್ತದೆ.