ಮಳೆಗಾಲದಲ್ಲೂ ಟೂಲ್‌ಗಳಿಗೆ ತುಕ್ಕು ಹಿಡಿಯದ ವರ್ಕ್‌ಶಾಪ್: ನನ್ನ ಅನುಭವ

ಮಡಿಕೇರಿ ಹತ್ತಿರ ನಮ್ಮ ತೋಟದ ಮನೆ. ಜೀಪು, ಬೈಕು ರಿಪೇರಿಗೆಂದು ಪಕ್ಕದ ಶೆಡ್ಡನ್ನೇ ವರ್ಕ್‌ಶಾಪ್ ಮಾಡಿಕೊಂಡಿದ್ದೇನೆ. ಜೂನ್ ಬಂತೆಂದರೆ ಸ್ಪ್ಯಾನರ್, ಸಾಕೆಟ್, ವೈಸ್ (ವಸ್ತುವನ್ನು ಬಿಗಿಯಾಗಿ ಹಿಡಿದಿಡುವ ಸಾಧನ) ಎಲ್ಲಕ್ಕೂ ತುಕ್ಕು. ಮಾಡು ಸೋರುತ್ತಿರಲಿಲ್ಲ. ಹಾಗಾದರೆ ತೇವ ಬರುವುದೆಲ್ಲಿಂದ?

ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಟ್ಟೆ. ಹಾಳೆಯ ಅಡಿಯಲ್ಲಿ ಹನಿ ಕಂಡರೆ ತೇವ ಮಣ್ಣಿನಿಂದ ಏರುತ್ತಿದೆ ಎಂದರ್ಥ. ಮೇಲೆ ಮಾತ್ರ ಕಂಡರೆ ಅದು ಗಾಳಿಯದು. ನನಗೆ ಅಡಿಯಲ್ಲೇ ಸಿಕ್ಕಿತು.

ಬೇಸಿಗೆಯಲ್ಲಿ ಹಳೇ ನೆಲ ಅಗೆಸಿದೆ. ಜಲ್ಲಿ, ಅದರ ಮೇಲೆ ತೆಳುವಾಗಿ ಮರಳು, ಆಮೇಲೆ ದಪ್ಪ ಪಾಲಿಥಿನ್ ಹಾಳೆ, ಕೊನೆಗೆ ಕಾಂಕ್ರೀಟ್. ಮರಳು ಬಿಟ್ಟರೆ ಜಲ್ಲಿ ಚುಚ್ಚಿ ಹಾಳೆ ಹರಿಯುತ್ತದೆ, ಹಾಕಿದ್ದೆಲ್ಲ ಸುಮ್ನೆ. ಜ್ಯಾಕ್ ಊರುವ ನೆಲ ಅಲ್ವಾ, ಕಾಂಕ್ರೀಟ್ ದಪ್ಪದಲ್ಲಿ ಉಳಿತಾಯ ಮಾಡಬೇಡಿ.

ತಗಡಿನ ಮಾಡಿನ ಒಳಮೈಯಲ್ಲೂ ರಾತ್ರಿ ಹನಿ ಕಟ್ಟುತ್ತಿತ್ತು. ಅಲ್ಲಿಗೆ ಇನ್ಸುಲೇಷನ್ ಶೀಟ್ ಹೊಡೆಸಿದೆ.

ಟೂಲ್‌ಗಳಿಗೆ ಬಾಗಿಲಿರುವ ಕಬ್ಬಿಣದ ಬೀರು. ಅದರ ತಳದಲ್ಲಿ ಸಣ್ಣದೊಂದು ಹಳೇ ಮಾದರಿಯ ಫಿಲಮೆಂಟ್ ಬಲ್ಬ್. ಒಳಗಿನ ಗಾಳಿ ಬೆಚ್ಚಗಿದ್ದರೆ ಲೋಹದ ಮೇಲೆ ತೇವ ಕೂರುವುದಿಲ್ಲ. ಎಲ್‌ಇಡಿ ಬಲ್ಬ್ ಅಷ್ಟು ಬಿಸಿಯಾಗುವುದಿಲ್ಲ, ಅದು ಬೇಡ. ಬಲ್ಬ್ ಇರುವ ಬೀರುವಿನಲ್ಲಿ ಬಟ್ಟೆ, ಪೆಟ್ರೋಲ್, ಸ್ಪ್ರೇ ಡಬ್ಬಿ ಇಡಲೇಬೇಡಿ. ಇದು ಬಹಳ ಮುಖ್ಯ.

ಗಾಳಿಯನ್ನು ಒತ್ತಿ ತುಂಬುವ ಕಂಪ್ರೆಸರ್ ಟ್ಯಾಂಕಿನಲ್ಲೂ ಮಳೆಗಾಲದಲ್ಲಿ ನೀರು ಜಾಸ್ತಿ ಸೇರುತ್ತದೆ. ಕೆಲಸ ಮುಗಿದ ಕೂಡಲೇ ಅಡಿಯ ವಾಲ್ವ್ ತೆರೆದು ಬಸಿಯುತ್ತೇನೆ. ಈಗ ಎಣ್ಣೆ ಸವರುವುದು ವೈಸ್‌ಗೆ ಮಾತ್ರ, ಅದೊಂದೇ ಬೀರುವಿನ ಹೊರಗಿರುವುದು.