ಮಳೆಗಾಲದಲ್ಲಿ ಬಟ್ಟೆ ಕೆಲಸ ಹಗುರ ಮಾಡಿಕೊಳ್ಳುವ ಬಗೆ

ಚೇರಂಬಾಣೆ ಕಡೆಯ ನಮ್ಮ ಮನೆಯಲ್ಲಿ ಏಳು ಜನ: ಅತ್ತೆ, ಮಾವ, ನಾವಿಬ್ಬರು, ಮೂರು ಮಕ್ಕಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾಗಮಂಡಲ, ನಾಪೋಕ್ಲು ಸುತ್ತಿನ ಮಳೆ ಹೇಗೆ ಸುರಿಯುತ್ತದೆ ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ವಾಷಿಂಗ್ ಮೆಷಿನ್ ಬಂದ ಮೇಲೆ ಒಗೆಯುವುದು ದೊಡ್ಡ ಮಾತಲ್ಲ. ನಮಗೆ ಕೆಲಸ ಇರುವುದೆಲ್ಲ ಒಣಗಿಸುವುದರಲ್ಲಿ. ಮೆಷಿನ್ ಒಂದು ಗಂಟೆಯಲ್ಲಿ ಮುಗಿಸಿದ್ದು ಹಗ್ಗದ ಮೇಲೆ ಮೂರು ದಿನ ಕೂರುತ್ತದೆ. ಹಾಗಾಗಿ ನನ್ನ ಲೆಕ್ಕ ಶುರುವಾಗುವುದು ಹಗ್ಗದಿಂದ. ಇವತ್ತು ಎಷ್ಟು ಹಗ್ಗ ಖಾಲಿಯಿದೆಯೋ ಅಷ್ಟೇ ಬಟ್ಟೆ ನೀರಿಗೆ ಹೋಗಬೇಕು.

ಅದಕ್ಕೆ ಮೊದಲು ಒಗೆಯುವ ಬುಟ್ಟಿಗೆ ಬೀಳುವುದನ್ನೇ ಕಮ್ಮಿ ಮಾಡಿ. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಕೊಕ್ಕೆ ಹೊಡೆಸಿಕೊಡಿ. ಸಂಜೆ ಪೇಟೆಗೆ ಹೋಗಿ ಬಂದ ಅಂಗಿ, ಜೀನ್ಸ್, ಸ್ವೆಟರ್ ಆ ಕೊಕ್ಕೆಯಲ್ಲಿ ಗಾಳಿಯಾಡಲಿ, ನಾಳೆಗೆ ಮತ್ತೆ ಆಗುತ್ತದೆ. ಈ ಚಳಿಯಲ್ಲಿ ಬೆವರುವವರು ಯಾರು? ಒಳಬಟ್ಟೆ, ಸಾಕ್ಸ್, ಮಕ್ಕಳ ಯೂನಿಫಾರಂ ಅಂಗಿ, ಇಷ್ಟು ಮಾತ್ರ ದಿನಾ ಒಗೆಯಲೇಬೇಕಾದ್ದು. ಸ್ನಾನಕ್ಕೆ ದಪ್ಪ ಟರ್ಕಿ ಟವೆಲ್ ಮಳೆಗಾಲಕ್ಕೆ ಬೇಡವೇ ಬೇಡ. ಕೇರಳದಿಂದ ಬರುವ ತೆಳು ತೋರ್ತು ಇಡಿ. ಹಿಂಡಿದರೆ ನೀರೆಲ್ಲ ಇಳಿಯುತ್ತದೆ, ಬಚ್ಚಲುಮನೆಯಲ್ಲೇ ಒಣಗುತ್ತದೆ.

ಕಂಬಳಿ, ರಗ್ಗು, ಪರದೆಗಳನ್ನು ಮೇ ತಿಂಗಳ ಬಿಸಿಲಿನಲ್ಲೇ ಒಗೆದು ಮುಗಿಸಿಬಿಡಿ. ಆಮೇಲೆ ಕಂಬಳಿಯ ಒಳಗೆ ಒಂದು ಹಳೆಯ ಕಾಟನ್ ಸೀರೆ ಅಥವಾ ಪಂಚೆ ಹಾಸಿ ಹೊದ್ದುಕೊಂಡರೆ ಮೈಗೆ ತಾಗುವುದು ಆ ತೆಳು ಬಟ್ಟೆ, ಒಗೆಯಬೇಕಾದ್ದೂ ಅದೊಂದೇ. ಕಂಬಳಿ ಮುಂದಿನ ಬಿಸಿಲಿನವರೆಗೆ ಕಾಯುತ್ತದೆ.

ತೋಟದ ಬಟ್ಟೆಯ ವಿಷಯ ಬೇರೆ. ಅದು ಮನೆಯ ಬುಟ್ಟಿಗೆ ಸೇರಲೇಬಾರದು. ನಮ್ಮಲ್ಲಿ ಹಿಂಬಾಗಿಲ ಹತ್ತಿರ ಅದಕ್ಕೇ ಒಂದು ಗೂಟ, ಒಂದು ಬಕೆಟ್ ಇದೆ. ಮಾವನಿಗೂ ನಮ್ಮವರಿಗೂ ತೋಟಕ್ಕೆ ಎರಡೆರಡು ಜೊತೆ ಗಾಢ ಬಣ್ಣದ ಬಟ್ಟೆ. ಮಣ್ಣನ್ನು ಹೊರಗಿನ ನಲ್ಲಿಯಲ್ಲೇ ಇಳಿಸಿ ಬರುತ್ತಾರೆ. ಕೆಮ್ಮಣ್ಣಿನ ಕೆಸರು ಮೆಷಿನ್ನಿಗೆ ಹೋದರೆ ಜೊತೆಗಿದ್ದ ಬಿಳಿ ಅಂಗಿಗಳಿಗೂ ಅದೇ ಬಣ್ಣ, ಆಮೇಲೆ ಒಂದೇ ಕೆಲಸವನ್ನು ಎರಡು ಸಲ ಮಾಡಬೇಕು. ಜಿಗಣೆ ಕಚ್ಚಿದರೆ ರಕ್ತ ಬೇಗ ನಿಲ್ಲುವುದಿಲ್ಲ, ಸಾಕ್ಸ್ ತುಂಬ ಕಲೆ. ಅದಕ್ಕೆ ಬಿಸಿನೀರು ಸೋಕಿಸಬೇಡಿ, ಕಲೆ ಹಿಡಿದು ಕೂರುತ್ತದೆ. ತಣ್ಣೀರಿಗೆ ಒಂದು ಹಿಡಿ ಉಪ್ಪು ಹಾಕಿ ನೆನೆಸಿಟ್ಟರೆ ಉಜ್ಜುವ ಕೆಲಸ ಮುಕ್ಕಾಲು ಕಮ್ಮಿಯಾಗುತ್ತದೆ. ಕಾಫಿಗೆ, ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆದ ದಿನದ ಬಟ್ಟೆಯನ್ನು ಮಾತ್ರ ಯಾವುದರ ಜೊತೆಗೂ ಸೇರಿಸಬೇಡಿ. ಅದು ಮೈಲುತುತ್ತ, ಸುಣ್ಣ ಸೇರಿದ್ದು. ಮಕ್ಕಳ ಬಟ್ಟೆ ಅದರ ಹತ್ತಿರವೂ ಸುಳಿಯಬಾರದು.

ಕೊಡವರ ಕಕ್ಕಡ ತಿಂಗಳ 18ರಂದು, ಅಂದರೆ ಆಗಸ್ಟ್ 3ರ ಸುಮಾರಿಗೆ, ಮದ್ದು ಸೊಪ್ಪಿನ ಪಾಯಸ ಬಡಿಸುವಾಗ ಮಕ್ಕಳಿಗೆ ಹಳೆಯ ಕಪ್ಪು ಬಟ್ಟೆ ತೊಡಿಸಿ. ಆ ಸೊಪ್ಪು ಬಿಡುವ ನೇರಳೆ ಬಣ್ಣದ ಕಲೆಯ ಹಿಂದೆ ಬ್ರಷ್ ಹಿಡಿದು ಕೂರುವ ಕೆಲಸವೇ ಇರುವುದಿಲ್ಲ.

ಇನ್ನು ಒಣಗಿಸುವುದು. ಮೆಷಿನ್ ನಿಂತ ಮೇಲೆ ಇನ್ನೊಂದು ಸಲ ಬರೀ ಸ್ಪಿನ್ ಹಾಕಿ. ಹೊಸ ಮೆಷಿನ್ ಕೊಳ್ಳುವವರು ಡ್ರಮ್ ಎಷ್ಟು ದೊಡ್ಡದು ಅಂತ ನೋಡುವ ಮೊದಲು ಸ್ಪಿನ್ ವೇಗ ಕೇಳಿ. ಮುಂದೆ ಬಾಗಿಲಿರುವ ಮೆಷಿನ್‌ಗಳಲ್ಲಿ 1,200, 1,400 ಆರ್‌ಪಿಎಂ ಸಿಗುತ್ತದೆ, ಮೇಲಿನಿಂದ ಹಾಕುವವುಗಳಲ್ಲಿ ಸಾಮಾನ್ಯವಾಗಿ 700ರ ಆಸುಪಾಸು. ಕೊಡಗಿನ ಮಳೆಗೆ ಈ ವ್ಯತ್ಯಾಸ ದುಡ್ಡು ಕೊಟ್ಟು ತರುವಂಥದ್ದೇ. ಬೆಳಿಗ್ಗೆ ಕರೆಂಟ್ ಇರುವಾಗಲೇ ಮೆಷಿನ್ ಹಾಕಿ. ಗಾಳಿಗೆ ಮರ ಬಿದ್ದು ಲೈನ್ ಹೋದರೆ ಒದ್ದೆ ಬಟ್ಟೆ ಡ್ರಮ್ಮಿನೊಳಗೇ ಮುಗ್ಗುತ್ತದೆ. ಮುಗ್ಗಲು ವಾಸನೆ ಬಂದ ಬಟ್ಟೆಯನ್ನು ಮತ್ತೆ ಒಗೆಯದೆ ಗತಿಯಿಲ್ಲ.

ಜಾಗದ ವಿಷಯದಲ್ಲಿ ನನಗೆ ಅತ್ಯಂತ ಉಪಕಾರವಾದದ್ದು ಕಣದ ಮೇಲಿನ ಪ್ಲಾಸ್ಟಿಕ್ ಶೀಟಿನ ಶೆಡ್. ಕಾಫಿ, ಮೆಣಸು ಒಣಗಿಸಲು ಕಟ್ಟಿದ್ದು. ಏಪ್ರಿಲ್ ದಾಟಿದರೆ ಅದು ಖಾಲಿ, ನಮಗೆ ಬೇಕಾಗುವುದು ಸರಿಯಾಗಿ ಆಮೇಲೆ. ಜೂನ್ ಬರುವ ಮುಂಚೆ ಅದರೊಳಗೆ ನೈಲಾನ್ ಹಗ್ಗ ಕಟ್ಟಿಸಿ. ಮಳೆ ಹತ್ತು ನಿಮಿಷ ಬಿಟ್ಟು ಮೋಡ ತೆಳುವಾದರೂ ಒಳಗೆ ಬೆಚ್ಚಗಾಗುತ್ತದೆ. ಎರಡೂ ತುದಿ ತೆರೆದಿರಲಿ, ಇಲ್ಲದಿದ್ದರೆ ಬಟ್ಟೆಯ ನೀರು ಶೀಟಿಗೆ ಹತ್ತಿ ಮತ್ತೆ ಬಟ್ಟೆಯ ಮೇಲೇ ತೊಟ್ಟಿಕ್ಕುತ್ತದೆ. ಶೆಡ್ ಇಲ್ಲದವರಿಗೆ ಬಚ್ಚಲುಮನೆಯ ಹಂಡೆ ಒಲೆಯ ಶಾಖವಿದೆ. ಹೊಗೆ ಹೊರಗೆ ಹೋಗುವ ಕಡೆ ಬಿಟ್ಟು, ಕಿಡಿ ಹಾರದಷ್ಟು ದೂರದಲ್ಲಿ ಹಗ್ಗ ಕಟ್ಟಿ. ಹೊರಗೆ ಧೋ ಎಂದು ಸುರಿಯುವಾಗ ಕೋಣೆಯ ಕಿಟಕಿ ತೆರೆದಿಡುವುದರಿಂದ ಪ್ರಯೋಜನವಿಲ್ಲ, ತೇವ ಒಳಗೆ ಬರುತ್ತದೆ ಅಷ್ಟೆ. ಬಟ್ಟೆಗಳ ನಡುವೆ ಒಂದು ಗೇಣು ಜಾಗ ಬಿಟ್ಟು ಫ್ಯಾನ್ ಹಾಕಿ.

ಅಂಗಿ, ಯೂನಿಫಾರಂಗಳನ್ನು ಮೆಷಿನ್ನಿನಿಂದ ತೆಗೆದ ಕೂಡಲೇ ಕೊಡವಿ ಹ್ಯಾಂಗರಿಗೆ ಹಾಕಿ, ಹ್ಯಾಂಗರನ್ನೇ ಹಗ್ಗಕ್ಕೆ ತೂಗುಹಾಕಿ. ಒಣಗಿದ ಮೇಲೆ ಅದೇ ಹ್ಯಾಂಗರ್ ಸೀದಾ ಬೀರುವಿಗೆ. ಮಡಚುವುದೂ ಇಲ್ಲ, ಇಸ್ತ್ರಿಯೂ ಹೆಚ್ಚು ಬೇಡ. ಮೂರು ಮಕ್ಕಳಿಗೂ ಶಾಲೆಯ ಸಾಕ್ಸ್ ಒಂದೇ ಅಂಗಡಿಯಲ್ಲಿ, ಒಂದೇ ಬಗೆಯದನ್ನು ತಂದರೆ ಜೋಡಿ ಹುಡುಕುವ ಕೆಲಸ ಅರ್ಧಕ್ಕಿಳಿಯುತ್ತದೆ.

ಒಳಬಟ್ಟೆ, ಮನೆಯಲ್ಲಿ ಹಾಕುವ ಬನಿಯನ್ನು, ನೈಟಿ ಇವನ್ನು ಮಡಚುವುದನ್ನೇ ನಾನು ಕೈಬಿಟ್ಟಿದ್ದೇನೆ. ಹೆಸರು ಬರೆದ ಏಳು ಬುಟ್ಟಿಗಳಿವೆ, ಒಣಗಿದ್ದು ಅವರವರ ಬುಟ್ಟಿಗೆ ಬೀಳುತ್ತದೆ, ಕೋಣೆಗೆ ಒಯ್ಯುವುದು ಅವರವರ ಪಾಲು. ನಮ್ಮವರೂ ಒಯ್ಯುತ್ತಾರೆ. ಅತ್ತೆ, ಮಾವನ ಬುಟ್ಟಿಯನ್ನು ಮಾತ್ರ ಕಿರಿಯವನು ಒಯ್ದು ಕೊಡುತ್ತಾನೆ. ಮದುವೆಗೆ ಗಂಡಸರು ತೊಡುವ ಕುಪ್ಯ ಎಂಬ ಉದ್ದ ಕೋಟು, ಅದರ ಮೇಲೆ ಸೊಂಟಕ್ಕೆ ಸುತ್ತುವ ರೇಷ್ಮೆ ಚೇಲೆ, ಹೆಂಗಸರ ರೇಷ್ಮೆ ಸೀರೆಗಳನ್ನು ಮನೆಯಲ್ಲಿ ನೀರಿಗೆ ಹಾಕಬೇಡಿ. ನೆರಳಲ್ಲಿ ಗಾಳಿಗೆ ಹರಡಿ, ಬೆವರು ಆರಿದ ಮೇಲೆ ಒಳಗಿಡಿ. ಕಲೆ ಬಿದ್ದಿದ್ದರೆ ಮಾತ್ರ ಮಡಿಕೇರಿಗೆ ಹೋಗುವ ದಿನ ಡ್ರೈ ಕ್ಲೀನಿಂಗಿಗೆ ಕೊಟ್ಟು ಬನ್ನಿ.